ಶಹಾಬಾದ ಕಲ್ಲಿನ ಪೂಲ್ ಟೇಬಲ್

ನನ್ನ ಗಂಡ ವಿಶ್ವಜಿತ್ ಅವರು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರು. ದಿನವಿಡೀ ಗುಳಿಗೆಗಳನ್ನು ನೋಡಿ ‘ಪಾಸ್’ ಅಥವಾ ‘ರಿಜೆಕ್ಟ್’ ಎನ್ನುವುದು ಅವರ ಉದ್ಯೋಗ. ಆ ಉದ್ಯೋಗ ಸಂಜೆ ಐದೂವರೆಗೆ ಮುಗಿಯುತ್ತದೆ ಎಂದು ಕಾರ್ಖಾನೆಯವರು ನಂಬಿದ್ದಾರೆ. ಪಾಪ, ಅವರು ನಮ್ಮ ಮನೆಗೆ ಬಂದು ನೋಡಿಲ್ಲ. ನಮ್ಮಲ್ಲಿ ಬೆಂಡೆಕಾಯಿ ಕೂಡ ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿಯಲ್ಪಟ್ಟು ನಂತರವೇ ಒಳಗೆ ಬರುತ್ತದೆ. ಒಂದು ಮಿಕ್ಸರ್ ಆರಿಸಲು ಅವರಿಗೆ ಎಂಟು ತಿಂಗಳು ಹಿಡಿಯಿತು. (ಆ ಎಂಟು ತಿಂಗಳು ಚಟ್ನಿ ಕುಟ್ಟಿದವಳು ನಾನು. ನನ್ನ ರಟ್ಟೆಯ ಗುಣಮಟ್ಟವನ್ನು ಯಾರೂ ವಿಚಾರಿಸಲಿಲ್ಲ.) ಇಂಥವರು ನನ್ನನ್ನು ಅರ್ಧ ಗಂಟೆಯಲ್ಲಿ ಹೇಗೆ ಪಾಸು ಮಾಡಿದರೋ ತಿಳಿಯದು. ಹೆಣ್ಣು ನೋಡಲು ಬಂದ ದಿನ ನಮ್ಮೂರು ಸೇಡಂನಲ್ಲಿ ಕರೆಂಟು ಹೋಗಿತ್ತು, ಅದೇ ಕಾರಣವಿರಬೇಕು.

ಒಂದು ಭಾನುವಾರ ಅವರು ಸಹೋದ್ಯೋಗಿ ಆಶಿಷ್ ಅವರ ಮನೆಗೆ ಊಟಕ್ಕೆ ಹೋದರು. ಅಲ್ಲಿ ಪೂಲ್ ಟೇಬಲ್ ಇತ್ತಂತೆ. ಹಸಿರು ಬಟ್ಟೆ ಹೊದ್ದ, ಮಂಚದಷ್ಟು ದೊಡ್ಡ ಮೇಜು. ಅಂಚಿನಲ್ಲಿ ಆರು ಕುಳಿ. ಉದ್ದನೆಯ ಕೋಲಿನಿಂದ ಬಿಳಿ ಚೆಂಡಿಗೆ ತಿವಿಯಬೇಕು, ಅದು ಹೋಗಿ ಬಣ್ಣದ ಚೆಂಡಿಗೆ ಬಡಿಯಬೇಕು, ಬಣ್ಣದ್ದು ಕುಳಿಗೆ ಬೀಳಬೇಕು. ನನ್ನ ಗಂಡ ಜೀವಮಾನದಲ್ಲಿ ತಿವಿದ ಮೊದಲ ಏಟಿಗೇ ಒಂದು ಚೆಂಡು ಬಿತ್ತು. (ಅವರು ಗುರಿಯಿಟ್ಟದ್ದು ಬೇರೆ ಚೆಂಡಿಗೆ, ಬೇರೆ ಕುಳಿಗೆ. ಇದನ್ನು ಆಶಿಷ್ ಅವರ ಹೆಂಡತಿ ಸುಹಾಸಿನಿ ಫೋನಿನಲ್ಲಿ ಹೇಳಿ ಐದು ನಿಮಿಷ ನಕ್ಕಳು.) ಆದರೆ ಮಹಾಪುರುಷರಿಗೆ ಅಷ್ಟು ಸಾಕು.

“ನಿನ್ನ ಕೈಯಾಗ ಕಲಾ ಐತಿ ಅಂದ ಆಶಿಷ್,” ಎಂದು ಮನೆಗೆ ಬಂದು ಬಲಗೈಯನ್ನೇ ನೋಡಿಕೊಂಡರು. “ನಮ್ಮ ಮನ್ಯಾಗೂ ಒಂದು ಇರಬೇಕು. ಹೆಂಗೂ ಶೀತಲನ ಖೋಲಿ ಖಾಲಿ ಬಿದ್ದೈತಿ.”

ಆ ಕೋಣೆಯ ಮೇಲೆ ನನ್ನ ಕಣ್ಣು ಮೊದಲೇ ಬಿದ್ದಿತ್ತು.

ಶೀತಲ ನನ್ನ ನಾದಿನಿ. ಅವಳು ಮದುವೆಯಾಗಿ ಹೋದ ದಿನ ಎಲ್ಲರೂ ಅತ್ತರು, ನಾನೂ ಅತ್ತೆ. ಆದರೆ ಅಳುತ್ತಲೇ ಆ ಕೋಣೆಯ ಗೋಡೆಗಳನ್ನು ಕಣ್ಣಿನಲ್ಲಿ ಅಳೆದುಕೊಂಡಿದ್ದೆ. ತವರಿನಲ್ಲಿ ನಾವು ನಾಲ್ವರು ಅಕ್ಕತಂಗಿಯರಿಗೆ ಒಂದು ಕೋಣೆ, ಕಾಲೇಜಿನ ಹಾಸ್ಟೆಲಿನಲ್ಲಿ ಆರು ಜನಕ್ಕೆ ಒಂದು. ಹುಟ್ಟಿದಾಗಿನಿಂದ ನಾನು ಒಳಗಿನಿಂದ ಚಿಲಕ ಹಾಕಿಕೊಂಡ ಬಾಗಿಲೆಂದರೆ ಬಚ್ಚಲಿನದು ಮಾತ್ರ. ನಾನು ಸಣ್ಣ ಕಥೆಗಳನ್ನು ಬರೆಯುತ್ತೇನೆ. ಎರಡು ಅಚ್ಚಾಗಿವೆ, ಎರಡನ್ನೂ ಬರೆದದ್ದು ಕುಕ್ಕರಿನ ಸೀಟಿಗಳ ನಡುವೆ. ಶೀತಲಳ ಕೋಣೆಯ ಕಿಟಕಿಯಾಚೆ ಒಂದು ಬೇವಿನ ಮರವಿದೆ. ಮಲ್ಕಾಜ್‌ಗಿರಿ ನಿಲ್ದಾಣ ಬಿಟ್ಟ ರೈಲು ಹಾದಾಗಲೆಲ್ಲ ಅದರ ಎಲೆಗಳು ಒಂದು ಕ್ಷಣ ನಡುಗಿ ಸುಮ್ಮನಾಗುತ್ತವೆ. ಆ ಕಿಟಕಿಗೆ ಒಂದು ಮೇಜು, ಒಂದು ಕುರ್ಚಿ. ಇಷ್ಟೇ ನಾನು ಬಯಸಿದ ಸಾಮ್ರಾಜ್ಯ.

ಜಗಳವಾಡಿದ್ದರೆ ಸೋಲುತ್ತಿದ್ದೆ. ನಾನು ಬುದ್ಧಿ ಓಡಿಸಿದೆ.

“ತಗೋರಿ, ನಾ ಬ್ಯಾಡ ಅನ್ನೂದಿಲ್ಲ,” ಎಂದೆ. “ಆದ್ರ ಹಗರ ಮಾಲು ತರಬ್ಯಾಡ್ರಿ. ನಿಮ್ಮಂಥಾವ್ರ ಮನ್ಯಾಗ ಒಂದು ನಂಬರ್ ಮಾಲೇ ಇರಬೇಕು. ನೀವಽ ಪರೀಕ್ಷಾ ಮಾಡಿ ಪಾಸ್ ಮಾಡ್ರಿ.”

ಅವರ ಮುಖ ಅರಳಿತು.

“ಒಂದು ಕರಾರು. ದೀಪಾವಳಿ ಪಾಡ್ಯದ ದಿನ ಪಾಸಾದ ಟೇಬಲ್ ಆ ಖೋಲ್ಯಾಗ ಇದ್ರ ಖೋಲಿ ನಿಮ್ದು. ಇಲ್ಲಂದ್ರ ನಂದು. ಅತ್ತೀನೇ ಸಾಕ್ಷಿ.”

ಅತ್ತೆ ಶಿವದೇವಿಯವರು ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದರು. “ಇವಾ ಪಾಸ್ ಮಾಡೂದು, ಟೇಬಲ್ ಬರೂದು! ಮುಂದಿನ ಜನ್ಮದ ಪಾಡ್ಯಕ್ಕ ಬಂದೀತು,” ಎಂದು ಸಾಕ್ಷಿಯಾಗಲು ಒಪ್ಪಿದರು.

ನನ್ನ ಲೆಕ್ಕ ತಪ್ಪಿರಲಿಲ್ಲ. ಮೆಹದಿಪಟ್ಟಣಂನಿಂದ ಆರಂಭಿಸಿ ಎರಡು ತಿಂಗಳು ಪ್ರತಿ ಭಾನುವಾರ ಅಂಗಡಿ ಯಾತ್ರೆ ನಡೆಯಿತು. ಅವರ ಚೀಲದಲ್ಲಿ ಭೂತಗನ್ನಡಿ, ಆಶಿಷ್ ಅವರಿಂದ ಎರವಲು ತಂದ ಒಂದು ಚೆಂಡು, ಮತ್ತು ಗೌಂಡಿಗಳು ಬಳಸುವ ರಸಮಟ್ಟ. (ಗಾಜಿನ ಕೊಳವೆಯಲ್ಲಿ ಒಂದು ಗುಳ್ಳೆ ತೇಲುತ್ತದಲ್ಲ, ಅದು ನಟ್ಟನಡುವೆ ನಿಂತರೆ ಮಟ್ಟ ಸರಿಯೆಂದು ಅರ್ಥ. ಆ ಎರಡು ತಿಂಗಳು ನನ್ನ ಸಂಸಾರ ಆ ಗುಳ್ಳೆಯ ಮೇಲೆ ನಿಂತಿತ್ತು.) ಮೊದಲ ಅಂಗಡಿಯ ಮೇಜಿನ ತಳ ಹಲಗೆಯದು, ಮಳೆಗಾಲದಲ್ಲಿ ಉಬ್ಬುತ್ತದೆ, ರಿಜೆಕ್ಟ್. ಎರಡನೆಯದರ ಅಂಚಿನ ರಬ್ಬರು ಸತ್ತಿದೆ, ಬಡಿದ ಚೆಂಡು ಹುರುಪಿನಿಂದ ಮರಳುವುದಿಲ್ಲ, ರಿಜೆಕ್ಟ್. ಮೂರನೆಯದರಲ್ಲಿ ಮೇಜಿನಡಿಗೆ ಅಂಗಾತ ಮಲಗಿ ಅಂಟಿನ ವಾಸನೆ ನೋಡಿದರು. ಅಂಗಡಿಯ ಮಾಲೀಕ ಬಗ್ಗಿ, ಕೈಮುಗಿದು, “ಸಾರ್, ಮೀರು ಇನ್‌ಕಮ್ ಟ್ಯಾಕ್ಸಾ?” ಎಂದು ಕೇಳಿದ.

ನಾನು ಪಕ್ಕದಲ್ಲಿ ಪತಿವ್ರತೆಯಂತೆ ನಿಂತು, “ಅಲ್ನೋಡ್ರಿ, ಆ ಮೂಲ್ಯಾಗ ಸ್ವಲ್ಪ ಡೊಂಕ ಕಾಣಸ್ತೈತಿ,” ಎಂದು ಬೆಂಕಿಗೆ ಗಾಳಿ ಹಾಕುತ್ತಿದ್ದೆ. ಮನಸ್ಸಿನಲ್ಲಿ ಕಿಟಕಿಗೆ ಪರದೆಯ ಬಣ್ಣವನ್ನೂ ಆರಿಸಿಯಾಗಿತ್ತು.

ಪಾಡ್ಯಕ್ಕೆ ಮೂರು ವಾರ ಉಳಿದಾಗ ಕೊನೆಯ ಅಂಗಡಿ ಬಂತು. ಅಲ್ಲಿಯ ಮೇಜಿನ ತಳ ಕಲ್ಲಿನದು. ಒಳ್ಳೆಯ ಪೂಲ್ ಟೇಬಲ್ ಎಂದರೆ ಹಾಗೆಯೇ, ಬಟ್ಟೆಯ ಕೆಳಗೆ ನುಣುಪಾದ ಕಲ್ಲು ಇರಬೇಕಂತೆ. ನನ್ನ ಗಂಡ ಭೂತಗನ್ನಡಿಯಲ್ಲಿ ಅಲ್ಲೂ ಕೂದಲೆಳೆಯಷ್ಟು ಗೀರು ಕಂಡುಹಿಡಿದಿದ್ದರು. ‘ರಿಜೆಕ್ಟ್’ ಎಂಬ ಪದ ಅವರ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅಂಗಡಿಯವನು ಕಲ್ಲನ್ನು ಬೆರಳಿನಿಂದ ಬಡಿದು, ನನ್ನತ್ತ ತಿರುಗಿ ಹೇಳಿದ:

“ಇಟಲಿ ಕಾ ಪತ್ಥರ್ ಹೈ ಮೇಡಮ್. ಐಸಾ ಸೀಧಾ ಪತ್ಥರ್ ಹಿಂದೂಸ್ತಾನ್ ಮೇ ಹೈಚ್ ನಹೀಂ!”

ಇಷ್ಟು ಮಟ್ಟಸವಾದ ಕಲ್ಲು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲವಂತೆ! ನಾನು ಸೇಡಂನ ಮನೆಯಲ್ಲಿ ಶಹಾಬಾದಿನ ನೆಲಗಲ್ಲಿನ, ಅಂದರೆ ಫರಸಿಯ, ಮೇಲೆ ಅಂಬೆಗಾಲಿಟ್ಟವಳು. ಆ ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಿಂದ ಅಕ್ಷರ ತಿದ್ದಿದವಳು. ಬೇಸಿಗೆಯ ಮಧ್ಯಾಹ್ನ ಆ ನೀಲಿ ಬೂದು ತಂಪಿಗೆ ಕೆನ್ನೆಯಿಟ್ಟು ಮಲಗಿದವಳು. ನನ್ನ ಸೋದರಮಾವ ಅಂಬಾದಾಸ ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ ಇಟ್ಟವನು. ಸುಮ್ಮನಿರಬೇಕಾಗಿತ್ತು.

“ಇಂಥಾ ಕಲ್ಲಿನ ಮ್ಯಾಲೆ ನಮ್ಮ ಕಡಿ ಎಮ್ಮಿ ಕಟ್ತಾರ!” ಎಂದೆ. “ನಮ್ಮ ಅಂಬಾದಾಸ ಮಾವ ಪಾಲಿಶ್ ಹಾಕಿದ ಫರಸಿ ನೋಡಿದ್ರ ನಿಮ್ಮ ಇಟಲಿ ನಾಚಿ ನೆಲಾ ಸೇರತೈತಿ!”

ಅಂಗಡಿಯವನಿಗೆ ಕನ್ನಡ ತಿಳಿಯಲಿಲ್ಲ. ನನ್ನ ಗಂಡನಿಗೆ ತಿಳಿಯಿತು.

“ಹೌದಲ್ಲ!” ಎಂದರು ನಿಧಾನವಾಗಿ. ಅಂಥ ಬೆಳಕು ಅವರ ಮುಖದಲ್ಲಿ ನಮ್ಮ ಮದುವೆಯ ದಿನವೂ ಇರಲಿಲ್ಲ.

ಅವರು ಅಲ್ಲಿಯೇ ಕಲ್ಲಿಲ್ಲದ ಚೌಕಟ್ಟನ್ನಷ್ಟೇ ಕೊಡಿ ಎಂದು ಕೇಳಿದರು. ಕೊಬ್ಬರಿ ಬೇಡ, ಕರಟ ಕೊಡು ಎಂದ ಗಿರಾಕಿಯನ್ನು ನೋಡುವಂತೆ ಅಂಗಡಿಯವನು ನೋಡಿದ, ಆದರೂ ಕೊಟ್ಟ. ಮಾವನಿಗೆ ಫೋನು ಹೋಯಿತು. ಅತ್ತ ಮಾವನೋ ಗದ್ಗದಿತ. “ನಮ್ಮ ಹುಡುಗಿ ಲಗ್ನ ಆದ ಮ್ಯಾಲೆ ಒಂದಽ ಒಂದು ಸಲ ಬಾಯಿಬಿಟ್ಟು ಕೇಳ್ಯಾಳ! ಇದು ತವರಿನ ಉಡುಗೊರಿ ಅಳಿಯಂದಿರ, ರೊಕ್ಕದ ಮಾತು ಎತ್ತಬ್ಯಾಡ್ರಿ.” ನಾನು ಏನನ್ನೂ ಕೇಳಿರಲಿಲ್ಲ. ಆದರೆ ಗದ್ಗದಿತರಾದವರಿಗೆ ಅದನ್ನು ಹೇಗೆ ಹೇಳುವುದು?

ಹಬ್ಬಕ್ಕೆ ಎರಡು ದಿನ ಮೊದಲು ಮೂರು ಚಪ್ಪಡಿಗಳು ಹುಲ್ಲಿನಲ್ಲಿ ಸುತ್ತಿಸಿಕೊಂಡು ಟೆಂಪೋದಲ್ಲಿ ಬಂದು, ಶೀತಲಳ ಕೋಣೆಯಲ್ಲಿ ಚೌಕಟ್ಟಿನ ಮೇಲೆ ಕುಳಿತವು. ಪಾಡ್ಯದ ಬೆಳಿಗ್ಗೆ, ಆರತಿ ಮುಗಿದ ಮೇಲೆ, ಎಣ್ಣೆ ಹಚ್ಚಿ ಬಾಚಿದ ತಲೆಯೊಂದಿಗೆ ಪರೀಕ್ಷಕರು ಕೋಣೆಗೆ ಬಂದರು. ಬಟ್ಟೆ ಹೊದಿಸುವ ಮೊದಲೇ ಪರೀಕ್ಷೆಯಾಗಬೇಕಂತೆ. ಕಲ್ಲಿನ ನಡುವೆ ಚೆಂಡನ್ನಿಟ್ಟು ಕೈ ತೆಗೆದರು.

ಚೆಂಡು ಒಂದು ಕ್ಷಣ ಯೋಚಿಸಿತು. ಬಳಿಕ ನಿಧಾನವಾಗಿ, ಬಲು ಗಂಭೀರವಾಗಿ, ಬಾಗಿಲ ಕಡೆಗೆ ಉರುಳಿ ಕುಳಿಯೊಳಗೆ ಬಿತ್ತು. ರಸಮಟ್ಟವಿಟ್ಟರು. ಗುಳ್ಳೆ ಕಿಟಕಿಯ ಕಡೆ ಓಡಿತು.

“ರಿಜೆಕ್ಟ್,” ಎಂದರು.

ಕೋಣೆ ನನ್ನದಾಯಿತು! ಕಿಟಕಿ, ಮರ, ಮೇಜು, ಎಲ್ಲವೂ. ನಾನು ಮಾಡಬೇಕಾದ ಕೆಲಸ ಒಂದೇ ಒಂದು, ಬಾಯಿ ಮುಚ್ಚಿಕೊಂಡು ನಿಲ್ಲುವುದು. ನಿಂತೆ ಕೂಡ.

“ನಾ ಮೊದ್ಲಽ ಅಂದಿದ್ನಿ,” ಎಂದರು ಬಾಗಿಲಲ್ಲಿ ನಿಂತ ಅತ್ತೆ. “ಆ ಕಡಿ ಕಲ್ಲಽ ಡೊಂಕ. ಪುಗಸಟ್ಟೆ ಕೊಟ್ಟಾರಂದ್ರ ಅವ್ರಿಗೂ ಗೊತ್ತಿತ್ತು ಬಿಡು.”

ಎಣಿಸಿ ಮೂರು ಉಸಿರು ತಡೆದುಕೊಂಡೆ. ನಾಲ್ಕನೆಯದು ಆಗಲಿಲ್ಲ.

“ಕಲ್ಲು ಡೊಂಕ ಇಲ್ರೀ ಅತ್ತಿ. ನಿಮ್ಮ ನೆಲಾ ಡೊಂಕ ಐತಿ!”

“ಏನಂದಿ? ನಿಮ್ಮ ಮಾವನವರು ಮುಂದ ನಿಂತು ಹಾಕಿಸಿದ ನೆಲಾ ಇದು! ರೈಲ್ವೇದಾಗ ಮೂವತ್ತು ವರ್ಷ ಹಳಿ ಮಟ್ಟ ನೋಡಿದವ್ರು!”

“ಅವ್ರ ಹಳಿ ಮಟ್ಟ ಇತ್ತು. ನೆಲಾ ಇಳಿಜಾರ ಐತಿ!” ನಾನು ಆರತಿಯ ತಟ್ಟೆಯ ಪಕ್ಕದಲ್ಲಿದ್ದ ತಂಬಿಗೆಯ ನೀರನ್ನು ನೆಲಕ್ಕೆ ಸುರಿದೆ. ನೀರು ಸ್ವಲ್ಪವೂ ಸಂಕೋಚಪಡದೆ ಸೀದಾ ಬಾಗಿಲಿಗೆ ಹರಿದು ಅತ್ತೆಯ ಪಾದ ತೊಳೆಯಿತು. ನೆಲ ತೊಳೆದ ನೀರು ಹೊರಗೆ ಹೋಗಲೆಂದು ಮಾವನವರು ಬೇಕೆಂದೇ ಹಾಗೆ ಹಾಕಿಸಿದ್ದರು ಎಂಬುದು ಆಗ ಅತ್ತೆಗೆ ನೆನಪಾಯಿತು.

ನನ್ನ ಗಂಡ ಹಬ್ಬದ ದಿನ ಇಬ್ಬರ ನಡುವೆ ಸಿಕ್ಕಿದ್ದರು. “ಐಶು, ಬಿಡು,” ಎಂದರು ನನಗೆ, ಸೋತ ದನಿಯಲ್ಲಿ. “ಕಲ್ಲು ವಾಪಸ್ ಕಳಸೂಣು. ಖೋಲಿ ನೀನಽ ತಗೋ. ನಾ ಸೋತೆ.”

ಈ ಮಾತನ್ನು ನೀವು ದಯವಿಟ್ಟು ಇನ್ನೊಮ್ಮೆ ಓದಬೇಕು. ಖೋಲಿ ನೀನೇ ತಗೋ ಎಂದರು. ತಮ್ಮ ಬಾಯಿಯಿಂದ. ಸಾಕ್ಷಿಯ ಎದುರಿಗೆ.

“ವಾಪಸ್?” ಎಂದೆ ನಾನು. “ನಮ್ಮ ಮಾವನ ಕಲ್ಲು ರಿಜೆಕ್ಟ್ ಆಗಿ ವಾಪಸ್ ಶಹಾಬಾದಕ್ಕ ಹೋಗಬೇಕೇನ್ರಿ? ನಾ ಜೀವಂತ ಇದ್ದಾಗ? ಕೊಡ್ರಿ ಇಲ್ಲೆ ಆ ಪಾನಾ!”

ಹೊಸ ಇಳಕಲ್ ಸೀರೆಯಲ್ಲಿ ಆ ಒದ್ದೆ ನೆಲದ ಮೇಲೆ ಮಲಗಿ, ಮೇಜಿನ ಕಾಲುಗಳನ್ನು ಎತ್ತರಿಸುವ ತಿರುಪುಗಳನ್ನು ಪಾನಾ ಹಾಕಿ ಒಂದೊಂದಾಗಿ ತಿರುಗಿಸಿದೆ. ನನ್ನ ಗಂಡ ಮೇಲಿನಿಂದ “ಇನ್ನಷ್ಟು… ಇನ್ನಷ್ಟು… ಸಾಕು!” ಎನ್ನುತ್ತಿದ್ದರು. ಮುಕ್ಕಾಲು ಗಂಟೆಯ ನಂತರ ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಚೆಂಡು ಇಟ್ಟಲ್ಲಿಂದ ಕದಲಲಿಲ್ಲ. ಕಾರ್ಖಾನೆಯ ಗುಳಿಗೆಗಳಿಗೂ ಸಿಗದ ಭಕ್ತಿಯಿಂದ ಅವರು “ಪಾಸ್” ಎಂದರು. ನಾನು ಸೀರೆ ಕೊಡವಿಕೊಂಡು ಗೆದ್ದವಳಂತೆ ಎದ್ದು ನಿಂತೆ. ಗೆದ್ದದ್ದೇನು ಎಂದು ತಿಳಿಯಲು ಇನ್ನೂ ಅರ್ಧ ನಿಮಿಷ ಬೇಕಾಯಿತು.

ಅಷ್ಟರಲ್ಲಿ ಅಂಬಾದಾಸ ಮಾವನ ಫೋನು ಬಂತು.

“ಕಲ್ಲು ಹೆಂಗ ಕುಂತೈತಿ, ನನ್ನವ್ವಾ?”

“ಮಟ್ಟ ಕುಂತೈತಿ, ಮಾವ.”

“ಮತ್ತ! ಯಾರ ಕಲ್ಲದು? ಚಿಂತೀನಽ ಮಾಡಬ್ಯಾಡ. ಒಮ್ಮಿ ಕುಂತ್ರ ನಮ್ಮ ಕಲ್ಲು ನೂರು ವರ್ಷ ಆ ಖೋಲಿ ಬಿಟ್ಟು ಏಳೂದಿಲ್ಲ!”

“ಭಾಳ ಖುಷಿ ಆತು ಮಾವ,” ಎಂದೆ. ಕಣ್ಣು ತುಂಬಿ ಬಂತು.

ತವರು ನೆನಪಾಗಿ ಅಳುತ್ತಿದ್ದೇನೆಂದು ತಿಳಿದ ಅತ್ತೆ, ಸಿಟ್ಟು ಮರೆತು, ಸೆರಗಿನಿಂದ ನನ್ನ ಕಣ್ಣೊರೆಸಿದರು.