ಚುಕ್ಕೆ ಇಲ್ಲದ ಜೇನ್ನೊಣ

ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಗ ವೆಂಡೆಲ್ ಟಗಲ್ ಅವಳ ಉಯ್ಯಾಲೆಯನ್ನು ಕೊಟ್ಟು ಹಳೆಯ ಸೋಡಾ ಜಾಹೀರಾತಿನ ಬೋರ್ಡೊಂದನ್ನು ಮನೆಗೆ ತಂದ.

ಜಗಲಿಯಲ್ಲಿ ತೂಗುತ್ತಿದ್ದ ಆ ಉಯ್ಯಾಲೆ ಮಾವ ಕೈಯಾರೆ ಮಾಡಿಕೊಟ್ಟದ್ದು. ಬದಲಿಗೆ ಬಂದದ್ದು ಒಂದು ತಗಡು. ಅದರ ಮೇಲೆ ಕೊಬ್ಬಿದ ಜೇನ್ನೊಣವೊಂದು ಬಾಟಲಿಯಿಂದ ‘ಹನಿಬೀ ಸೋಡಾ’ ಹೀರುತ್ತಿತ್ತು. ಬೆಳಿಗ್ಗೆ ಎದ್ದು ಜಗಲಿಯಲ್ಲಿ ನೇತಾಡುತ್ತಿದ್ದ ಖಾಲಿ ಸರಪಳಿಗಳನ್ನು ಕಂಡಾಗ ವೆಂಡೆಲ್‌ನ ಹಳೇ ಬೋರ್ಡುಗಳ ಹುಚ್ಚಿನ ಅಮಲು ಜರ್ರನೆ ಇಳಿಯಿತು. ಸಂಜೆ ಲೊರೇಟಾ ಬರುವವಳಿದ್ದಳು.

ಹಳೇ ಸಾಮಾನಿನ ಅಂಗಡಿಯ ಆರ್ವಿಲ್ ಸ್ಟೈಪ್‌ಗೆ ಫೋನ್ ಮಾಡಿ, ಬೋರ್ಡು ತಗೊಂಡು ಉಯ್ಯಾಲೆ ವಾಪಸ್ ಕೊಡೆಂದು ಗೋಗರೆದ.

“ಕೊಟ್ಟಿದ್ದು ಕೊಟ್ಟಾಯ್ತು ಮಾರಾಯ,” ಎಂದ ಆರ್ವಿಲ್. “ನಕಲಿ ಅಂತ ತೋರ್ಸು, ಈಗ್ಲೇ ವಾಪಸ್ ತಗೋತೀನಿ. ಅಸಲಿ ಆದ್ರೆ ಗವರ್ನರ್ ಬಂದು ಕೇಳಿದ್ರೂ ಆಗಲ್ಲ. ನನ್ನ ಅಂಗಡಿ ಕಾನೂನು ಟೆನೆಸ್ಸೀಗೆಲ್ಲಾ ಗೊತ್ತು.”

ಬೋರ್ಡು ಕೊಂಡವರೆಲ್ಲ ಅದು ಅಸಲಿಯಾಗಿರಲಿ ಎಂದು ಬೇಡಿಕೊಂಡರೆ, ಪಾಪ, ವೆಂಡೆಲ್ ಮಾತ್ರ ‘ನಕಲಿಯಾಗಿರಲಪ್ಪಾ’ ಎಂದು ಬೇಡಿಕೊಳ್ಳುತ್ತ ಭೂತಗನ್ನಡಿ ಹಿಡಿದು ಅಡುಗೆಮನೆಯ ಮೇಜಿನ ಮೇಲೆ ಬಗ್ಗಿದ. ಈಗಿನ ನಕಲಿಗಳಾದರೆ ಪತ್ರಿಕೆಯ ಫೋಟೋದಂತೆ ಬರೀ ಸಣ್ಣ ಸಣ್ಣ ಚುಕ್ಕೆ. ಹಿಂದಿನವರು ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದೇ ಬಣ್ಣವನ್ನು ದಪ್ಪಗೆ ಹಚ್ಚುತ್ತಿದ್ದರು. ಅಂಚು ಉಗುರಿಗೆ ಸಿಗುತ್ತಿತ್ತು. ವೆಂಡೆಲ್ ಉಗುರಾಡಿಸಿದ. ಸಿಕ್ಕಿತು. ಚುಕ್ಕೆ ಹುಡುಕಿದ. ಒಂದೂ ಇರಲಿಲ್ಲ. ಅವನಿಗೆ ಅಳು ಬಂತು.

“ಯಾಕೋ, ಮನೇಲಿ ಯಾರಾದ್ರೂ ಸತ್ರಾ?” ಎನ್ನುತ್ತ ಪಕ್ಕದ ಮನೆಯ ಮಿಸೆಸ್ ಪ್ರೂಯಿಟ್ ಬಾಗಿಲು ತಟ್ಟದೇ ಒಳಬಂದಳು. ಊರಿನ ಸಮಸ್ತ ಕಷ್ಟಗಳಿಗೂ ಆಕೆಯೇ ವಾರಸುದಾರಳು. ವೆಂಡೆಲ್ ಎಲ್ಲ ಹೇಳಿಕೊಂಡ.

“ಇಷ್ಟು ಕೊಳೆ ಇಟ್ಕೊಂಡ್ರೆ ಚುಕ್ಕೆ ಎಲ್ಲಿಂದ ಕಾಣತ್ತೋ? ಸರಿ ಆಚೆ!” ಎಂದು ಗದರಿ, ಬೇಡವೆಂದರೂ ಕೇಳದೆ ಬೋರ್ಡಿನ ಮೇಲೆ ಸೀಮೆಎಣ್ಣೆ ಸುರಿದು ಉಜ್ಜಿದಳು. ಒದ್ದೆ ಆರುವ ಮೊದಲೇ ಭಾನುವಾರದ ಪತ್ರಿಕೆಯ ಬಣ್ಣದ ಕಾರ್ಟೂನ್ ಪುಟದಲ್ಲಿ ಸುತ್ತಿ, ದಾರ ಬಿಗಿದು, “ನಡಿ, ಆರ್ವಿಲ್‌ನೇ ನೋಡ್ಲಿ. ಅವನ ಹತ್ರ ನಾನು ಮಾತಾಡ್ತೀನಿ,” ಎಂದಳು.

ಉಯ್ಯಾಲೆ ಕಾರಿನಲ್ಲಿ ಹಿಡಿಸುವಂತಿರಲಿಲ್ಲ. ವೆಂಡೆಲ್ ತನ್ನ ಮೀನು ಹಿಡಿಯುವ ದೋಣಿಯನ್ನೇ ಗಾಡಿಸಮೇತ ಕಾರಿನ ಹಿಂದೆ ಕಟ್ಟಿಕೊಂಡು ಹೊರಟ.

ಅಂಗಡಿಯಲ್ಲಿ ಆರ್ವಿಲ್ ಕಾಗದ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿ ಬಿಳುಚಿಕೊಂಡ. “ಚುಕ್ಕೆ! ಅಯ್ಯೋ, ಎಲ್ಲಾ ಕಡೆ ಚುಕ್ಕೆ!”

ವೆಂಡೆಲ್ ಕಸಿದುಕೊಂಡು ನೋಡಿದ. ಕೆಂಪು, ನೀಲಿ, ಹಳದಿ ಚುಕ್ಕೆಗಳು. ಜೇನ್ನೊಣದ ಹೊಟ್ಟೆಯ ಮೇಲೆ ಮಸುಕಾಗಿ ಒಂದು ನಾಯಿಯ ಕಿವಿಯೂ ಇತ್ತು. ಒದ್ದೆ ಬೋರ್ಡಿಗೆ ಕಾರ್ಟೂನಿನ ಶಾಯಿ ಅಂಟಿಕೊಂಡಿತ್ತು! ನಿಜ ಹೇಳಲು ಬಾಯಿ ತೆರೆದ. ಮಿಸೆಸ್ ಪ್ರೂಯಿಟ್ ಅವನ ಕಾಲನ್ನು ಬಲವಾಗಿ ತುಳಿದಳು.

“ಯಾರಿಗೂ ಹೇಳ್ಬೇಡ ಮಾರಾಯ, ನನ್ನ ಮರ್ಯಾದೆ ಪ್ರಶ್ನೆ,” ಎಂದು ಆರ್ವಿಲ್ ತಾನೇ ಉಯ್ಯಾಲೆ ಹೊತ್ತು ತಂದು ದೋಣಿಯೊಳಗಿಟ್ಟ. ದೋಣಿಯನ್ನು ಸವರಿ, “ಚೆನ್ನಾಗಿದೆ ಕಣೋ ಇದು,” ಎಂದೂ ಅಂದ. ವೆಂಡೆಲ್‌ಗೆ ನಾಚಿಕೆಯಾಯಿತು, ಆದರೆ ಹೆಂಡತಿಯ ಭಯ ಅದಕ್ಕಿಂತ ದೊಡ್ಡದಿತ್ತು.

ಸಂಜೆ ಉಯ್ಯಾಲೆ ಸರಪಳಿಗೆ ಸಿಕ್ಕಿಸಿ, ಅದರ ಮೇಲೆ ಕೂತು ಬೆವರೊರೆಸಿಕೊಳ್ಳುವಷ್ಟರಲ್ಲಿ ಲೊರೇಟಾಳ ಕಾರು ಬಂತು. ಹಿಂದೆಯೇ ಆರ್ವಿಲ್‌ನ ಟ್ರಕ್ಕು. ವೆಂಡೆಲ್‌ನ ಜೀವ ಬಾಯಿಗೆ ಬಂತು. ಲೊರೇಟಾ ಮಾತ್ರ ನಗುನಗುತ್ತ ಇಳಿದು, ಕಂಬಳಿಯಲ್ಲಿ ಸುತ್ತಿದ್ದ ವಸ್ತುವನ್ನು ಅವನ ತೊಡೆಯ ಮೇಲಿಟ್ಟಳು. ಕೊಬ್ಬಿದ ಜೇನ್ನೊಣ ಅವನನ್ನೇ ನೋಡುತ್ತಿತ್ತು.

“ನಿಂಗೆ ಇಷ್ಟ ಅಂತ ತಂದೆ ಕಣೋ! ಆರ್ವಿಲ್ ನಕಲಿ ಅಂತ ಅಂಗಡಿ ಹೊರಗೆ ಬಿಸಾಕಿದ್ದ, ಬರೋ ದಾರೀಲಿ ಕಣ್ಣಿಗೆ ಬಿತ್ತು. ಸುಮ್ನೆ ಕರ್ಚೀಫಲ್ಲಿ ಒರೆಸಿದೆ ನೋಡು, ಒಂದಿಡೀ ನಾಯಿ ಬಟ್ಟೆಗೆ ಅಂಟ್ಕೊಂಡು ಬಂತು! ಕೆಳಗೆ ಅಪ್ಪಟ ಅಸಲಿ. ಆಮೇಲೆ ಪುಕ್ಸಟ್ಟೆ ಕೊಡ್ತಾನಾ ಅವ್ನು? ದೋಣಿ ಕೊಡ್ತೀನಿ ಅಂದೆ, ಒಪ್ಕೊಂಡ.”

“ನನ್ನ ದೋಣಿನಾ?”

“ಬೆನ್ನು ನೋವು ಅಂತ ಗೋಳಾಡ್ತಿರ್ತೀಯಲ್ಲ, ಇನ್ಮೇಲೆ ಭಾನುವಾರ ಇಲ್ಲೇ ನನ್ನ ಜೊತೆ ಕೂತ್ಕೋ.”

ಅಂಗಳದಲ್ಲಿ ಆರ್ವಿಲ್ ದೋಣಿಯನ್ನು ಟ್ರಕ್ಕಿಗೆ ಕಟ್ಟುತ್ತ ವೆಂಡೆಲ್‌ನತ್ತ ಕಣ್ಣು ಹೊಡೆದ. ಭಾನುವಾರಗಳಲ್ಲಿ ಕೆರೆಯ ನಡುವೆ ವೆಂಡೆಲ್‌ಗೆ ಸಿಗುತ್ತಿದ್ದ ಏಕಾಂತವೆಲ್ಲ ಆ ದೋಣಿಯಲ್ಲೇ ಇತ್ತು.

“ಲೊರೇಟಾ... ವಾಪಸ್ ಕೊಟ್ಬಿಟ್ರೆ ಹೇಗೆ?”

“ನಕಲಿ ಆದ್ರೆ ಮಾತ್ರ ತಗೋತಾನಂತೆ,” ಎಂದಳು ಲೊರೇಟಾ ಹೆಮ್ಮೆಯಿಂದ. “ಚುಕ್ಕೆನೆಲ್ಲಾ ನಾನೇ ಒರೆಸಿಬಿಟ್ನಲ್ಲ!”