ಸೆಕೆಂಡಿಗೆ ಐದು ಚಿತ್ರ ಜಾಸ್ತಿ

ಅಳಿಯನಾದವನು ಅತ್ತೆಯ ಮನೆಯಲ್ಲಿ ಉಂಡು, ತೇಗಿ, ತೆಪ್ಪಗೆ ಬಸ್ಸು ಹತ್ತಬೇಕು. ಅದು ಬಿಟ್ಟು ತನ್ನ ತಂತ್ರಜ್ಞಾನ ತೋರಿಸಲು ಹೋಗಬಾರದು. ಈ ದಿವ್ಯಜ್ಞಾನ ನನಗೆ ಹೋದ ತಿಂಗಳು ಅತ್ತೆಯ ಊರಾದ ಪಾಳಾದಲ್ಲಿ, ಇಡೀ ಓಣಿಯ ಸಮಕ್ಷಮದಲ್ಲಿ ಉದಯವಾಯಿತು.

ನನ್ನ ಹೆಂಡತಿ ದಾನೇಶ್ವರಿಯ ತಮ್ಮ ವೀರೇಶನ ಮದುವೆಯ ವಿಡಿಯೊ ತೆಗೆಯುವ ಘನಕಾರ್ಯವನ್ನು ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಪರಿಚಯದವರೊಬ್ಬರಿಂದ, ಅಮೆರಿಕದಿಂದ ಬಂದ ಹಳೆಯ ಕ್ಯಾಮೆರಾ ಕೊಂಡಿದ್ದೆ. ಅದನ್ನು ಕಣ್ಣಿಗೊತ್ತಿಕೊಂಡು ಬೆಳಗಿನಿಂದ ಸಂಜೆಯತನಕ ಮಂಟಪದ ತುಂಬ ಓಡಾಡಿದೆ. (ಆ ದಿನ ಮದುಮಗನಿಗಿಂತ ಹೆಚ್ಚು ಬೆವರಿದವನು ನಾನೇ.)

ಅತ್ತೆ ಮಹಾದೇವಕ್ಕನವರಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಬ್ಬನೇ ಮಗನ ಮದುವೆಯಲ್ಲಿ ಅವರಿಗೆ ಕಂಡದ್ದು ಬರೀ ಮಂಜು. ಈಗ ಹುಬ್ಬಳ್ಳಿಯಲ್ಲಿ ಆಪರೇಶನ್ ಆಗಿ ಕಣ್ಣು ಬಂದಿದ್ದೇ ತಡ, ನನಗೆ ಫೋನು.

"ಅಳಿಯಂದ್ರ, ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ನನ್ನ ಮಗಾ ಹೆಂಗ ಕಾಣತಿದ್ದ, ಅದನ್ನೊಂದ ನೋಡಬೇಕ್ರಿ. ಉಳದದ್ದೆಲ್ಲಾ ಬಿಡ್ರಿ."

ಡಿಸ್ಕ್ ಮಾಡಿಕೊಂಡು ಪಾಳಾಕ್ಕೆ ಒಯ್ದೆ. ಅವರ ಹಳೆಯ ಟಿವಿಗೆ ಹಚ್ಚಿದರೆ ಬಣ್ಣವೇ ಮಾಯ! ಕಪ್ಪು-ಬಿಳುಪಿನ ವೀರೇಶ ಕಾಲು ಮೇಲೆ, ತಲೆ ಕೆಳಗೆ ಆಗಿ ಗಿರಗಿರ ಉರುಳುತ್ತಿದ್ದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಏ ದಾನಿ, ನನ್ನ ಕಣ್ಣ ಮತ್ತ ಕೆಟ್ಟುವು ನೋಡ!"

ಹೆಂಡತಿ ನನ್ನತ್ತ ನೋಡಿದ ನೋಟಕ್ಕೆ ನಾನು ಟಿವಿ ಬಂದ್ ಮಾಡಿ ಡಿಸ್ಕನ್ನು ಜೇಬಿಗೆ ಸೇರಿಸಿದೆ.

ದಾಂಡೇಲಿಯಲ್ಲಿ, ನಾವಿರುವ ಅಂಬೇವಾಡಿಯಲ್ಲೇ, ಬಸ್ತ್ಯಾಂವ ಎಂಬಾತನ ವಿಡಿಯೊ ಸ್ಟುಡಿಯೊ ಇದೆ. ಅವನು ಒಂದೇ ನೋಟಕ್ಕೆ ರೋಗ ಹೇಳಿದ. "ಇದು ಅಮೆರಿಕಾದ ಎನ್‌ಟಿಎಸ್‌ಸಿ ಪದ್ಧತಿ ಐತ್ರಿ ಸರ. ನಮ್ಮ ಕಡೆ ಟಿವಿಗೆ ಪಾಲ್ ಪದ್ಧತಿ ಬೇಕ. ಅವರದು ಸೆಕೆಂಡಿಗೆ ಮೂವತ್ತ ಚಿತ್ರ, ನಮ್ಮದು ಇಪ್ಪತ್ತೈದ. ಐದ ತಗದ ಒಗದ್ರ ಆತು. ಇಟ್ಟ ಹೋಗ್ರಿ, ನಾ ಮಾಡಿಕೊಡತೇನಿ." (ಪಾಲ್‌ಗೂ ಅತ್ತೆಯ ಪಾಳಾಕ್ಕೂ ಯಾವ ಸಂಬಂಧವೂ ಇಲ್ಲ. ವಿಚಾರಿಸಿದ್ದೇನೆ.)

ಇಷ್ಟಕ್ಕೆ ಇನ್ನೊಬ್ಬರ ಕೈ ಏಕೆ? ಮನೆಗೆ ಬಂದು ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕಿದೆ. ಐದು ತೆಗೆಯಬೇಕಂತೆ ಎಂದು ಹೆಂಡತಿಗೆ ಹೇಳಿದ್ದೇ ತಪ್ಪಾಯಿತು.

"ಯಾವ ಐದ್ರಿ?"

"ಯಾವುದಾದ್ರೂ ಐದು."

"ಯಾವುದಾದ್ರೂ ಅಂದ್ರ? ಅದರಾಗ ಗುರುಬಸವ್ವ ದೊಡ್ಡವ್ವ ಇದ್ರ? ಊಟಕ್ಕ ಎರಡನೇ ಪಂಕ್ತಿಗೆ ಕುಂದರಿಸಿದ್ದಕ್ಕ ಅವ್ವನ ಕೂಡ ಇನ್ನೂ ಮಾತ ಬಿಟ್ಟಾಳ. ವಿಡಿಯೊದಾಗಿಂದನೂ ತಗದ್ರ ಮುಗದ ಹೋತ!"

"ಸೆಕೆಂಡಿಗೆ ಐದ ಚಿತ್ರ ಮಾರಾಯ್ತಿ! ಯಾರಿಗೂ ಗೊತ್ತಾಗೂದಿಲ್ಲ."

"ದೊಡ್ಡವ್ವಗ ಗೊತ್ತಾಗತೈತಿ."

ಅದೂ ನಿಜವೇ. ಲೆಕ್ಕ ಹಾಕಿದೆ. ತಾಸಿಗೆ ಹದಿನೆಂಟು ಸಾವಿರ ಚಿತ್ರ! ಅಷ್ಟು ಬೀಗರನ್ನು ಕಸದ ಬುಟ್ಟಿಗೆ ಎಸೆದು ನಾನು ಯಾವ ಊರಿನಲ್ಲಿ ಬದುಕಲಿ? ಕಂಪ್ಯೂಟರಿಗೆ ಕಟ್ಟಪ್ಪಣೆ ಮಾಡಿದೆ: ಒಂದನ್ನೂ ಕೈಬಿಡಕೂಡದು, ಇದ್ದಬದ್ದವರನ್ನೆಲ್ಲ ಸೆಕೆಂಡಿಗೆ ಇಪ್ಪತ್ತೈದರಂತೆ ಸಾವಕಾಶವಾಗಿ ನಡೆಸು. ಒಂದು ತಾಸಿನ ಮದುವೆ ಒಂದು ತಾಸು ಹನ್ನೆರಡು ನಿಮಿಷವಾಯಿತು. ಆಗಲಿ, ಮಂಗಳಕಾರ್ಯಕ್ಕೆ ಅವಸರವೇನು? ಸ್ಪೀಕರ್ ಕೆಟ್ಟು ಕೂತಿದ್ದರಿಂದ ಚಿತ್ರ ಮಾತ್ರ ನೋಡಿದೆ. ಬಣ್ಣ ಬಂದದ್ದು ಕಂಡು ಕುರ್ಚಿಯ ಸುತ್ತ ಕುಣಿದೆ.

ಪಾಳಾದಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಗುರುಬಸವ್ವ ದೊಡ್ಡವ್ವ ಮೊದಲ ಸಾಲಿನಲ್ಲಿ. ಡಿಸ್ಕ್ ಹಚ್ಚಿದೆ. ಬಣ್ಣವೋ ಬಣ್ಣ! ವೀರೇಶ ಮಹಾರಾಜನಂತೆ ಮೆಲ್ಲಮೆಲ್ಲನೆ ನಡೆದು ಬಂದ. ಅಕ್ಕಿಕಾಳು ಒಂದೊಂದಾಗಿ, ತೇಲಿಕೊಂಡು, ಅವನ ತಲೆಯ ಮೇಲೆ ಇಳಿಯಿತು.

"ಎಷ್ಟ ಚಂದ ಕಾಣತಾನ ನನ್ನ ಮಗಾ!" ಎಂದು ಅತ್ತೆ ಅತ್ತರು. ಸಂತೋಷದಿಂದ ನನ್ನ ಕಣ್ಣೂ ತುಂಬಿತು. ಚಿತ್ರದ ಜೊತೆ ತಾನೂ ನಿಧಾನವಾದ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ ಗಡಸಾಗಿ ಕೇಳುತ್ತಿತ್ತು.

ಅಷ್ಟರಲ್ಲಿ ಒಡಪಿನ ಸರದಿ ಬಂತು. ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಶಾಸ್ತ್ರ. ಮದುಮಗಳು ರಾಜಶ್ರೀ ಗಂಡುದನಿಯಲ್ಲಿ ವೀರೇಶನ ಹೆಸರು ಹೇಳಿದಾಗ ಮಂದಿಯೆಲ್ಲ ಹೊಟ್ಟೆ ಹಿಡಿದು ನಕ್ಕರು. ಆ ನಗು ಇಳಿಯುವ ಮುಂಚೆ ಟಿವಿಯೊಳಗಿಂದ ಇನ್ನೊಂದು ಒಡಪು ಹೊರಟಿತು, ಶಾಸನ ಓದಿದಂತೆ ಒಂದೊಂದೇ ಅಕ್ಷರ ಬಿಡಿಸಿ:

"ತಾಟಿನ ತುಂಬ ಹೋಳಗಿ, ಹೋಳಗಿ ಮ್ಯಾಲ ತುಪ್ಪದ ಧಾರಿ,
ನಮ್ಮತ್ತಿ ಬಾಯಿ ತಗದ್ರ ಸಾಕ, ಹುಡುಕಬೇಕ ಓಡೂ ದಾರಿ!"

ನನ್ನ ದನಿ! ಕ್ಯಾಮೆರಾದ ಹಿಂದೆ ನಿಂತು ನನ್ನಷ್ಟಕ್ಕೆ ನಾನು ಗೊಣಗಿದ್ದು! ಕ್ಯಾಮೆರಾದ ಮೈಕಿಗೆ ಎಲ್ಲರಿಗಿಂತ ಹತ್ತಿರದ ಬಾಯಿ ನನ್ನದೇ ಎಂಬುದು ಹೊಳೆದಿರಲೇ ಇಲ್ಲ. ಅದರ ವೇಗದಲ್ಲೇ ಬಿಟ್ಟಿದ್ದರೆ ಗುಜುಗುಜು ಎಂದು ಗದ್ದಲದಲ್ಲಿ ಹೋಗುತ್ತಿತ್ತು.

ಅತ್ತೆ ಕಣ್ಣೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಎದ್ದು ನಿಂತರು.

"ಹೋಳಗಿ ಬಡಿಸಿದ ಕೈಲೇ ಇನ್ನ ಕುಟ್ಟತೇನಿ ಖಾರ,
ಎಲ್ಲಿಗಿ ಓಡತಾರೋ ನೋಡೂಣು ಅಳಿಯ ಸಂಜೀವಕುಮಾರ!"

ಮಾಡು ಹಾರಿಹೋಗುವಂಥ ನಗು. ಗುರುಬಸವ್ವ ದೊಡ್ಡವ್ವ ಮುನಿಸು ಮರೆತು ಅತ್ತೆಯ ಬೆನ್ನು ಚಪ್ಪರಿಸಿದರು. ನಾನು ಬೆವರೊರೆಸಿಕೊಳ್ಳುತ್ತ ಡಿಸ್ಕಿಗೆ ಕೈಚಾಚಿದೆ.

"ದನಿ ಸ್ವಲ್ಪ ಕೆಟ್ಟೈತ್ರಿ ಅತ್ತಿ. ನಾಳೆ ಸರಿ ಮಾಡಿ ತರತೇನಿ."

"ಬ್ಯಾಡ್ರಿ ಅಳಿಯಂದ್ರ, ಹಿಂಗ ಇರಲಿ. ಹದಿನೈದ ವರ್ಷ ಆತು, ನೀವು ಬಾಯಾಗ ಏನ ಗೊಣಗತೀರಿ ಅಂತ ತಿಳೀವಲ್ದಾಗಿತ್ತು. ಇವತ್ತ ಒಂದೊಂದ ಅಕ್ಷರ ಕೇಳಿತು. ಇನ್ನೂ ಊಟದ ಪಂಕ್ತಿ ಬರೂದೈತಿ, ಕುಂದರ್ರಿ."

ಊಟದ ಪಂಕ್ತಿ! ಅಲ್ಲಿ ಗುರುಬಸವ್ವ ದೊಡ್ಡವ್ವನ ಎಂಟನೆಯ ಹೋಳಿಗೆಯ ಬಗ್ಗೆ ನಾನು ಏನೆಂದಿದ್ದೆನೋ ಅದು ಥಟ್ಟನೆ ನೆನಪಾಯಿತು. ಮೆಲ್ಲಗೆ ಎದ್ದು ಬಾಗಿಲ ಕಡೆ ನೋಡಿದೆ. ಹೊಸ್ತಿಲಿಗೆ ಅಡ್ಡಲಾಗಿ ನನ್ನ ಹೆಂಡತಿ ಆಗಲೇ ಚಾಪೆ ಹಾಸಿಕೊಂಡು ಕೂತಿದ್ದಳು.