ಎಡಗಾಲು ಚೆನ್ನಾಗಿರುವ ಹುಡುಗ

ಹೊಳೆನರಸೀಪುರದಂಥ ಊರಿನಲ್ಲಿ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡವನ ಪಾಡು ಹೇಳಿಕೊಂಡರೆ ನಗುವವರೇ ಹೆಚ್ಚು. ಕ್ರಿಕೆಟ್ ಹುಚ್ಚಾದರೆ ಜೊತೆಗೆ ಇಡೀ ಊರು ಇರುತ್ತದೆ. ಕ್ಷೌರದಂಗಡಿಯಲ್ಲಿ ಸ್ಕೋರು ಸಿಗುತ್ತದೆ, ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತಲೇ ಯಾರು ಔಟಾದರೆಂದು ಹೇಳುತ್ತಾನೆ. ನನ್ನದು ಒಂಟಿ ಹುಚ್ಚು. ಅದು ನನಗೆ ಅಂಟಿದ್ದು ಹಾಸನದಲ್ಲಿ ಓದುತ್ತಿದ್ದಾಗ. ಎತ್ತರವಾಗಿದ್ದೆ, ಓಡಲು ಬರುತ್ತಿರಲಿಲ್ಲ. ಹೀಗಾಗಿ ಗೋಲಿನ ಮುಂದೆ ನಿಲ್ಲಿಸಿದರು. ಉಳಿದವರು ಬೆವರು ಸುರಿಸಿ ಓಡುವುದನ್ನು ನಿಂತಲ್ಲೇ ನಿಂತು ನೋಡುವುದು ನನಗೆ ಎಷ್ಟು ಹಿತವಾಯಿತೆಂದರೆ, ಓದು ಮುಗಿದು, ಹೊಳೆನರಸೀಪುರದ ಜೂನಿಯರ್ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳುವ ಕೆಲಸ ಸಿಕ್ಕಿ, ಮದುವೆಯಾದ ಮೇಲೂ ಅದನ್ನೇ ಮುಂದುವರಿಸಿದೆ. ನಿಲ್ಲುವುದರ ಬದಲು ಟಿ.ವಿ. ಮುಂದೆ ಕೂತೆ, ಅಷ್ಟೇ ವ್ಯತ್ಯಾಸ.

ತೊಂಬತ್ತರ ದಶಕದ ನಡುವೆ ನಮ್ಮ ಬೀದಿಗೆ ಕೇಬಲ್ ಬಂತು. ಅದಕ್ಕೆ ಮುಂಚೆ ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಸರ್ಕಾರಿ ಚಾನೆಲ್ ತೋರಿಸಿದಷ್ಟನ್ನು ನೋಡಿ, ಮುಂದಿನ ನಾಲ್ಕು ವರ್ಷ ಅದನ್ನೇ ಮೆಲುಕು ಹಾಕುತ್ತಿದ್ದೆ. ಕೇಬಲ್ ಬಂದ ಮೇಲೆ ಪ್ರತಿ ಶನಿವಾರ ಸಂಜೆ ಇಂಗ್ಲೆಂಡಿನ ಪಂದ್ಯ. ಒಂದು ಕೆಂಪಂಗಿ ತಂಡವನ್ನು ನನ್ನದೆಂದು ಆರಿಸಿಕೊಂಡೆ. ಅವರು ಸೋತ ದಿನ ನನಗೆ ಊಟ ಸೇರುತ್ತಿರಲಿಲ್ಲ. ನನ್ನ ಹೆಂಡತಿ ಜಯಾ, "ನನ್ನ ಕಡೆಯೋರ ಹೆಸರು ಒಂದೂ ನೆನಪಿರಲ್ಲ ನಿಮಗೆ. ಆ ಕೆಂಪಂಗಿಯೋರ ಹೆಸರು ಮಾತ್ರ ಸಹಸ್ರನಾಮದ ಹಾಗೆ ಬಾಯಿಗೆ ಬರತ್ತೆ" ಎನ್ನುತ್ತಿದ್ದಳು. ಜೊತೆಗಿದ್ದ ನನ್ನ ತಂಗಿ ಸುಮತಿ, ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು, ಉತ್ತರಪತ್ರಿಕೆ ತಿದ್ದುತ್ತಾ ತಲೆ ಎತ್ತದೆ ನಗುತ್ತಿದ್ದಳು.

ಹೀಗೆ ಕೆಲವು ವರ್ಷ ಸುಖವಾಗಿ ನಡೆಯಿತು. ಆಮೇಲೆ ಒಂದು ಶನಿವಾರ ಕಾಫಿ ಲೋಟ ಹಿಡಿದು ಟಿ.ವಿ. ಹಾಕಿದರೆ, ಫುಟ್‌ಬಾಲ್ ಇರಬೇಕಾದ ಜಾಗದಲ್ಲಿ ಇಬ್ಬರು ಬಿಲಿಯರ್ಡ್ಸ್ ಆಡುತ್ತಿದ್ದರು. ಲೋಟ ಇಟ್ಟವನೇ ಕೇಬಲ್ ಮಂಜನ ಅಂಗಡಿಗೆ ಹೋದೆ.

"ಆ ಆಟಾನ ಬ್ಯಾರೆ ಚಾನಲ್‌ನೋರು ಕೊಂಡ್ಕಂಡವ್ರೆ ಸಾ," ಎಂದ ಮಂಜ. "ಅದು ಪೇ ಚಾನಲ್ಲು. ಊರಲ್ಲಿ ಎಷ್ಟ್ ಮನೆಗೆ ಕನೆಕ್ಷನ್ ಐತೋ ಅಷ್ಟ್ ಮನೆ ಲೆಕ್ಕದಲ್ಲಿ ನಾನು ಕಟ್ಬೇಕಂತೆ, ಯಾರೂ ನೋಡ್ದೆ ಓದ್ರೂವೆ."

"ಯಾರೂ ನೋಡಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಆಟದ್ ಒತ್ತು ಆಗೋಯ್ತಲ್ಲ ಸಾ. ಕೇಳ್ಕಂಡ್ ಬಂದೋರು ನೀವೊಬ್ರೇಯ. ಅದೇ ಧಾರಾವಾಹಿ ಚಾನಲ್ ಅರ್ಧ ಗಂಟೆ ಓಗ್ಲಿ, ಎಂಗಸ್ರು ಬಂದು ನನ್ ಬಾಗ್ಲು ಮುರ್ದಾಕ್ತಾರೆ ಕಣ್ ಸಾ."

ಬೇಡಿಕೆ, ಪೂರೈಕೆ ಎಂದು ವರ್ಷಗಟ್ಟಲೆ ಪಾಠ ಹೇಳಿದವನಿಗೇ ಮಂಜ ಆ ಪಾಠ ಹೇಳಿದ್ದ. ಎಲ್ಲೋ ದೊಡ್ಡ ಊರಿನ ಕೋಣೆಯಲ್ಲಿ ಯಾರೋ ಇಬ್ಬರು ಕೂತು ಒಪ್ಪಂದಕ್ಕೆ ರುಜು ಹಾಕುತ್ತಾರೆ, ಹೊಳೆನರಸೀಪುರದಲ್ಲಿ ನನ್ನ ಶನಿವಾರ ಖಾಲಿಯಾಗುತ್ತದೆ. ಪೇಪರಿನಲ್ಲಿ ಸೋಮವಾರ ಒಂದು ಸಾಲಿನ ಫಲಿತಾಂಶ ಬರುತ್ತಿತ್ತು. ಎಲ್ಲಾದರೂ ಕ್ರಿಕೆಟ್ ನಡೆದಿದ್ದರೆ ಅದೂ ಇಲ್ಲ.

ಈ ಸೂತಕದ ದಿನಗಳಲ್ಲೇ ಜಯಾಳ ಚಿಕ್ಕಪ್ಪ ನಾಗೇಶಯ್ಯನವರ ಮನೆಯ ಸತ್ಯನಾರಾಯಣ ಪೂಜೆಗೆಂದು ಚನ್ನರಾಯಪಟ್ಟಣಕ್ಕೆ ಹೋದೆವು. ಅವರು ನಿವೃತ್ತ ಹೆಡ್‌ಮಾಸ್ಟರು. ಒಬ್ಬನೇ ಮಗ ಶ್ರೀಧರ, ಬಸ್ ಸ್ಟ್ಯಾಂಡ್ ಹತ್ತಿರ ಔಷಧಿ ಅಂಗಡಿ ಇಟ್ಟಿದ್ದ. ಪ್ರಸಾದ ತಿನ್ನುತ್ತಾ ನಡುಮನೆಯತ್ತ ಕಣ್ಣು ಹಾಯಿಸಿದೆ. ಯಾರೋ ಹಾಕಿ ಮರೆತ ಟಿ.ವಿ.ಯಲ್ಲಿ ನನ್ನ ಕೆಂಪಂಗಿಯವರು ಓಡುತ್ತಿದ್ದರು! ಅಲ್ಲಿನ ಕೇಬಲಿನವನು ಆ ಚಾನೆಲ್ ತೆಗೆದುಕೊಂಡಿದ್ದ. ನನ್ನ ಕೈಯಲ್ಲಿದ್ದ ಸಪಾದ ಭಕ್ಷ್ಯ ಪಂಚೆಯ ಮೇಲೆ ಬಿತ್ತು.

ಮುಂದಿನ ಶನಿವಾರ ಮಧ್ಯಾಹ್ನ ಪಾಠ ಮುಗಿಸಿದವನೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. "ಚಿಕ್ಕಪ್ಪನಿಗೆ ಮಂಡಿನೋವು ಅಂದಿದ್ರಲ್ಲ, ನೋಡ್ಕೊಂಡು ಬರ್ತೀನಿ" ಎಂದೆ. ಜಯಾಳ ಮುಖ ಅರಳಿತು. ಅದರ ಮುಂದಿನ ಶನಿವಾರವೂ ಹೋದೆ, ಅದರ ಮುಂದಿನದೂ. ರಾತ್ರಿ ಅಲ್ಲೇ ಮಲಗಿ ಭಾನುವಾರ ಚಿಕ್ಕಮ್ಮನ ದೋಸೆ ತಿಂದು ವಾಪಸ್ಸು. ಬರಿಗೈಯಲ್ಲಿ ಹೋಗಬಾರದೆಂದು ಒಮ್ಮೆ ಚೀಲದ ತುಂಬ ತೆಂಗಿನಕಾಯಿ ಹೊತ್ತುಕೊಂಡು ಹೋದೆ. ಹಿತ್ತಿಲ ತುಂಬ ಕಾಯಿ ರಾಶಿ ಹಾಕಿಕೊಂಡಿದ್ದ ಆ ಮನೆಯವರು ಅದನ್ನು ವಿನಯದಿಂದ ಇಳಿಸಿಕೊಂಡರು. ಹೆಂಡತಿಯ ತವರಿನ ಮೇಲೆ ನನಗೆ ಇಷ್ಟು ಅಕ್ಕರೆ ಎಂದು ಜಯಾ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಒಳ್ಳೆಯ ಹೆಸರು ಬರುತ್ತಿರುವಾಗ ಅಡ್ಡ ಬರುವುದು ನನ್ನ ಜಾಯಮಾನವಲ್ಲ.

ಆ ಮನೆಯವರು ಇದನ್ನೆಲ್ಲ ಬೇರೆಯೇ ಥರ ನೋಡುತ್ತಿದ್ದರು. ಮನೆಯಲ್ಲಿ ಮದುವೆಗೆ ಬಂದ ತಂಗಿ ಇರುವವನೊಬ್ಬ, ಮದುವೆಯಾಗದ ಮಗನಿರುವ ಮನೆಗೆ, ಕಾರಣವಿಲ್ಲದೆ ವಾರವಾರವೂ ಬಂದು, ಬಾಯಿ ಬಿಡದೆ ಕೂತು ಹೋದರೆ ಯಾರು ತಾನೇ ಏನು ತಿಳಿಯಬೇಕು? ಒಂದು ಸಂಜೆ ಪಂದ್ಯ ಬಿಗಿಯಾಗಿದ್ದಾಗ ಚಿಕ್ಕಮ್ಮ ಪಕ್ಕದಲ್ಲಿ ಬಂದು ಕೂತು, "ಸುಮತಿಗೆ ನೋಡ್ತಾ ಇದೀರಾ?" ಎಂದರಂತೆ. ನಾನು ಪರದೆಯಿಂದ ಕಣ್ಣು ಕೀಳದೆ, "ನೋಡ್ತಾ ಇದೀನಿ, ನೋಡ್ತಾ ಇದೀನಿ" ಎಂದೆನಂತೆ. ಆಗ ನಾಗೇಶಯ್ಯನವರು ಗಂಟಲು ಸರಿಮಾಡಿಕೊಂಡು, "ಹುಡುಗ ಹೇಗೆ ಅನ್ನಿಸ್ತಾನೆ ನಿಮಗೆ?" ಎಂದು ಕೇಳಿದರು. ಇದು ನನಗೆ ಚೆನ್ನಾಗಿ ನೆನಪಿದೆ. ಕೆಂಪಂಗಿ ತಂಡಕ್ಕೆ ಹೊಸದಾಗಿ ಸೇರಿದ್ದ ಆಟಗಾರ ಆಗಷ್ಟೇ ಚೆಂಡು ಹಿಡಿದು ಹೊರಟಿದ್ದ. ಮುದುಕರಿಗೂ ಆಟದ ರುಚಿ ಹತ್ತಿತಲ್ಲ ಎಂದು ನನಗೆ ಸಂತೋಷವಾಯಿತು.

"ಒಳ್ಳೇ ಹುಡುಗ. ಸ್ವಲ್ಪ ನಿಧಾನ, ಬಲಗಾಲು ಅಷ್ಟಕ್ಕಷ್ಟೆ. ಆದರೆ ಎಡಗಾಲು ಬಹಳ ಚೆನ್ನಾಗಿದೆ," ಎಂದೆ.

ಹಿಂದೆ ಯಾರೋ ಎದ್ದು ಹೋದ ಸದ್ದಾಯಿತು. ಅದು ಶ್ರೀಧರ ಎಂದು ಆಮೇಲೆ ತಿಳಿಯಿತು.

ಮುಂದಿನ ತಿಂಗಳು ಚನ್ನರಾಯಪಟ್ಟಣದ ಕೇಬಲಿನವನಿಗೂ ಚಾನೆಲಿನವರಿಗೂ ದರದ ವಿಷಯದಲ್ಲಿ ಜಗಳವಾಗಿ ಆ ಚಾನೆಲ್ ಅಲ್ಲೂ ನಿಂತಿತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಮುಖ ಇಳಿಬಿಟ್ಟು ಕೂತಿದ್ದನ್ನು ಕಂಡು ಇತಿಹಾಸದ ತಮ್ಮೇಗೌಡರು ವಿಷಯ ಕೇಳಿದರು. ಹಳ್ಳಿಮೈಸೂರು ಕಡೆಯ ಬೇಸಾಯದ ಮನೆಯವರು, ನೆಂಟರಿಷ್ಟರು ಎಲ್ಲ ಊರಿನಲ್ಲೂ ಇದ್ದರು. "ಅಯ್ಯೋ, ಅಷ್ಟೇಯಾ? ಅರಕಲಗೂಡಲ್ಲಿ ನಮ್ಮ್ ಭಾವನ ಮನೇಲಿ ಬತ್ತದೆ ಕಣ್ರೀ. ಬನ್ನಿ ನಂಜೊತೆ, ಓಗವ," ಎಂದರು. ಆ ಶನಿವಾರದಿಂದ ನನ್ನ ಬಸ್ಸು ದಿಕ್ಕು ಬದಲಿಸಿತು. ಜಯಾಳಿಗೆ ಪರೀಕ್ಷೆಯ ಕೆಲಸ ಎಂದೆ. ಚಿಕ್ಕಪ್ಪನ ಮಂಡಿ ಏನಾಯಿತೆಂದು ವಿಚಾರಿಸಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾಗೇಶಯ್ಯನವರೂ ಚಿಕ್ಕಮ್ಮನೂ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಕೂತರು, ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಜಯಾ ಗಾಬರಿಯಾಗಿ ನನ್ನ ಮುಖ ನೋಡಿದಳು.

"ಬೇಡ ಅನ್ನಿಸಿದ್ರೆ ಬೇಡ ಅಂತ ಒಂದು ಮಾತು ಹೇಳಬಹುದಿತ್ತು," ಎಂದರು ನಾಗೇಶಯ್ಯನವರು. "ವಾರವಾರ ಬಂದು ಆಸೆ ಹುಟ್ಟಿಸಿ, ಈಗ ಅರಕಲಗೂಡಿಗೆ ಹೋಗ್ತಿದೀರಂತೆ. ಅಲ್ಲಿ ಯಾವ ಹುಡುಗನ್ನ ನೋಡಿದೀರೋ, ನೋಡಿ. ಆದರೆ ನನ್ನ ಮಗನ ಕಾಲಿನ ಮೇಲೆ ಅಪವಾದ ಹೊರಿಸಬಾರದಾಗಿತ್ತು."

"ಯಾವ ಕಾಲು?" ಎಂದೆ.

"ಬಲಗಾಲು!" ಎಂದರು ಚಿಕ್ಕಮ್ಮ ಅಳುತ್ತಾ. "ಮಗು ಹಾಸನಕ್ಕೆ ಹೋಗಿ ಮೂಳೆ ಡಾಕ್ಟರ ಹತ್ರ ತೋರಿಸ್ಕೊಂಡು ಬಂದ. ಎರಡೂ ಕಾಲು ಸರಿಯಾಗಿದೆ ಅಂದ್ರಂತೆ. ಆದರೂ ಈಗ ಅಂಗಡಿಗೆ ನಡೆದು ಹೋಗಕ್ಕೂ ನಾಚ್ಕೊತಾನೆ."

ನಿಜ ಹೇಳದೆ ದಾರಿಯಿರಲಿಲ್ಲ. ಫುಟ್‌ಬಾಲು, ಚಾನೆಲು, ಮಂಜ, ತಮ್ಮೇಗೌಡರ ಭಾವ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಬಂದವರಿಬ್ಬರೂ ನಂಬಲಿಲ್ಲ. ಬೆಳೆದ ಗಂಡಸೊಬ್ಬ, ಕಾಲೇಜಿನ ಮೇಷ್ಟ್ರು, ಚೆಂಡಿಗಾಗಿ ಊರೂರು ತಿರುಗುತ್ತಾನೆಂದರೆ ನಾಗೇಶಯ್ಯನವರಿಗೆ ಅದು ಸುಳ್ಳಿಗಿಂತಲೂ ಕೀಳಾಗಿ ಕಂಡಿತು. ನನಗೆ ನಿಜವಾಗಿ ನೋವಾದದ್ದು ಜಯಾಳನ್ನು ನೋಡಿ. ಅವಳು ನಂಬಿದ್ದಳು. "ಹಾಗಾದರೆ ಚಿಕ್ಕಪ್ಪನ ಮಂಡಿ?" ಎಂದು ಮೆಲ್ಲಗೆ ಕೇಳಿದಳು. ಬೀದಿಯವರ ಮುಂದೆಲ್ಲ ಅವಳು ಹೊಗಳಿದ್ದ ಗಂಡ ಅವಳ ಕಣ್ಣೆದುರೇ ಕರಗಿ ಹೋಗುತ್ತಿದ್ದ. ಆ ನಿಮಿಷ ಯಾರಾದರೂ ಜಗತ್ತಿನ ಎಲ್ಲ ಚಾನೆಲುಗಳನ್ನೂ ಬಿಟ್ಟಿ ಕೊಡುತ್ತೇನೆಂದಿದ್ದರೂ ನನಗೆ ಬೇಕಾಗಿರಲಿಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ನಗು ಕೇಳಿಸಿತು. ಸುಮತಿ. ಸೆರಗು ಬಾಯಿಗೆ ಒತ್ತಿಕೊಂಡು ಉಸಿರು ಸಿಗದೆ ನಗುತ್ತಿದ್ದಳು. "ನಿಜವಾಗ್ಲೂ ಡಾಕ್ಟರ ಹತ್ರ ಹೋಗಿದ್ರಾ ಅವರು?" ಎಂದು ಚಿಕ್ಕಮ್ಮನನ್ನು ಕೇಳಿದಳು.

"ಹ್ಞೂ ಕಣಮ್ಮಾ. ಎಕ್ಸ್‌ರೇನೂ ತೆಗೆಸಿದಾನೆ."

"ಅಣ್ಣ ಹೇಳೋದು ನಿಜ ಚಿಕ್ಕಮ್ಮ. ಅವನು ಆ ಆಟ ಬಿಟ್ಟು ಇನ್ನೇನನ್ನೂ ನೋಡಿದೋನಲ್ಲ," ಎಂದಳು. "ಅವರನ್ನ ಒಂದ್ಸಲ ಕರ್ಕೊಂಡು ಬನ್ನಿ. ನಾನೇ ಮಾತಾಡ್ತೀನಿ," ಎಂದು ಒಳಗೆ ಹೋದಳು. ನಾಗೇಶಯ್ಯನವರು ಹೆಂಡತಿಯ ಮುಖ ನೋಡಿದರು. ಆರಿ ಹೋಗಿದ್ದ ಕಾಫಿಯನ್ನು ಎತ್ತಿಕೊಂಡು ಕುಡಿದರು.

ಶ್ರೀಧರ ಬಂದ. ಬಾಗಿಲಿಂದ ಕುರ್ಚಿಯವರೆಗೆ ಬಹಳ ಎಚ್ಚರದಿಂದ ನಡೆದ. ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಕೂತು ಏನು ಮಾತಾಡಿದರೋ, ನಗು ಮಾತ್ರ ನಡುಮನೆಗೆ ಕೇಳುತ್ತಿತ್ತು. ಇದಕ್ಕೆ ಮುಂಚೆ ಬಂದಿದ್ದ ಎರಡು ಮೂರು ಗಂಡುಗಳನ್ನು ಮುಲಾಜಿಲ್ಲದೆ ಬೇಡವೆಂದಿದ್ದ ಸುಮತಿ ಈ ಸಲ ಒಪ್ಪಿದಳು. "ಯಾರೋ ಒಂದು ಮಾತು ಅಂದ್ರೆ ಇಷ್ಟು ಯೋಚನೆ ಮಾಡೋರು, ನಾನು ಹೇಳಿದ್ದನ್ನೂ ಕೇಳಿಸ್ಕೊತಾರೆ," ಎಂದಳು ಜಯಾಳ ಹತ್ತಿರ. ಶ್ರಾವಣದಲ್ಲಿ ಮದುವೆಯಾಯಿತು. ಜಯಾ ನನ್ನೊಡನೆ ಸರಿಯಾಗಿ ಮಾತಾಡಲು ಶುರುಮಾಡಿದ್ದು ಧಾರೆಯ ದಿನ.

ಅದೇ ಚಳಿಗಾಲಕ್ಕೆ ಚನ್ನರಾಯಪಟ್ಟಣದ ಕೇಬಲಿನವನ ಜಗಳ ರಾಜಿಯಾಗಿ ಚಾನೆಲ್ ಮತ್ತೆ ಬಂತೆಂದು ಸುದ್ದಿ ಸಿಕ್ಕಿತು. ಇನ್ನು ನನಗೆ ನೆಪ ಬೇಕಿರಲಿಲ್ಲ. ತಂಗಿಯ ಮನೆಗೆ ಹೋಗಲು ಯಾರಪ್ಪನ ಅಪ್ಪಣೆ? ಶನಿವಾರ ಸಂಜೆ ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತೆ. ಒಳಗೆ ಪ್ರೇಕ್ಷಕರ ಗದ್ದಲ ಕೇಳುತ್ತಿತ್ತು. ನಾಗೇಶಯ್ಯನವರು ನನ್ನನ್ನು ಕಂಡವರೇ ಎದ್ದು ನಿಂತು, "ಬೀಗರು ಬಂದಿದಾರೆ! ಶ್ರೀಧರಾ, ಮೊದಲು ಆ ಟಿ.ವಿ. ಆರಿಸು!" ಎಂದರು.

ಆ ಮನೆಯ ಅಳಿಯನಾಗಿದ್ದಾಗ ಚಾಪೆಯ ಮೇಲೆ ಬಿದ್ದುಕೊಂಡು ಏನನ್ನಾದರೂ ನೋಡಬಹುದಿತ್ತು. ಬೀಗರ ಮರ್ಯಾದೆಯೇ ಬೇರೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಎದುರಿಗೆ ತಾವೂ ಕೂತು, ಹೊಳೆನರಸೀಪುರದ ಮಳೆ, ಕಾಲೇಜಿನ ಫಲಿತಾಂಶ, ಹೇಮಾವತಿ ನಾಲೆಯ ನೀರು ಎಂದು ಒಂದೊಂದಾಗಿ ವಿಚಾರಿಸತೊಡಗಿದರು. ನಾನು ಆರಿದ ಟಿ.ವಿ.ಯ ಗಾಜಿನಲ್ಲಿ ಕಾಣುತ್ತಿದ್ದ ನನ್ನ ಮುಖವನ್ನೇ ನೋಡುತ್ತಾ ಉತ್ತರ ಹೇಳುತ್ತಿದ್ದೆ. ಶ್ರೀಧರ ಮೆಲ್ಲಗೆ ಎದ್ದು, ಹೊಸ ಟಿ.ವಿ. ತಂದಿದ್ದ ಎದುರುಮನೆಯವರ ಕಡೆ ಆಟ ನೋಡಲು ಜಾರಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಸುಮತಿಯೂ ಆ ಕಡೆಯಿಂದಲೇ ಬಂದಂತಾಯಿತು. ಕಾಫಿ ತಂದು ನನ್ನ ಮುಂದೆ ಬಗ್ಗಿ, ತುಟಿ ಅಲುಗಿಸದೆ, "ಎರಡು, ಒಂದು" ಎಂದಳು.

"ಏನಂತಮ್ಮಾ, ಸಕ್ಕರೆನಾ?" ಎಂದರು ನಾಗೇಶಯ್ಯನವರು. "ಒಂದು ಯಾಕೆ, ಬೀಗರಿಗೆ ಎರಡೇ ಹಾಕು."

ಸುಮತಿ ಎರಡು ಚಮಚ ಸಕ್ಕರೆ ಹಾಕಿ, ಕಲಕಿ, ಬಾಗಿಲು ದಾಟಿ ಹೋದಳು. ಎರಡು ಯಾರದು, ಒಂದು ಯಾರದು ಎಂದು ಕೇಳುವ ಧೈರ್ಯವಾಗದೆ, ನಾನು ನಾಲೆಯ ನೀರಿನ ವಿಷಯಕ್ಕೆ ಮರಳಿದೆ.